ಎಲ್ಲರ ಮೇಜಿಗೂ ಒಂದು ಹಾಳೆ

ತಾನೀಗ ಯಾವ ಪುಟದಲ್ಲಿದ್ದೇನೆ ಎಂದು ತಿಳಿಯಲು ನರಹರಿ ಇನ್ಸರ್ಟ್ ಜೊತೆ ಟಿ ಒತ್ತಿದ. ಕಂಪ್ಯೂಟರು ಅವನ ಕಿವಿಯಲ್ಲಿ, ಗಂಟೆ ಹತ್ತೂ ನಲವತ್ತು ಎಂದಿತು. ಬೆಳಗಿನಿಂದ ಇದು ಆರನೇ ಸಲ.

"ನಾ ಎಲ್ಲಿದ್ದೀನಿ ಅಂತ ಕೇಳಿದ್ರ ಟೈಮ್ ಹೇಳತೈತಲ್ಲ ಇದು!" ಎಂದು ಕೀಬೋರ್ಡನ್ನು ಆಚೆ ತಳ್ಳಿದ.

ನರಹರಿಗೆ ಹುಟ್ಟಿನಿಂದ ಕಣ್ಣು ಕಾಣದು. ಹೈದರಾಬಾದಿನ ಸರ್ಕಾರಿ ಕಾರ್ಖಾನೆಯೊಂದರ ಕ್ವಾರ್ಟರ್ಸಿನಿಂದ ನೀರು, ಲಿಫ್ಟು, ಕರೆಂಟಿನ ದೂರು ಬಂದರೆ ಫೋನೆತ್ತುವವನು ಅವನು, ಕಂಪ್ಯೂಟರಿಗೆ ಏರಿಸುವವನೂ ಅವನೇ. ಪರದೆಯ ಮೇಲಿದ್ದುದನ್ನು ಯಂತ್ರ ಓದಿ ಹೇಳುತ್ತಿತ್ತು. ಮೌಸಿನ ಹಂಗಿಲ್ಲದೆ ಒಂಬತ್ತು ವರ್ಷ ಬೆರಳುಗಳು ತಾವಾಗಿಯೇ ಓಡಿದ್ದವು. ಹೋದ ಸೋಮವಾರ ಆಫೀಸಿನ ಎಲ್ಲ ಕಂಪ್ಯೂಟರುಗಳಿಂದಲೂ ವಿಂಡೋಸ್ ತೆಗೆದು ಲಿನಕ್ಸ್ ಹಾಕಿದರು. ಉಳಿದವರು ಎರಡು ದಿನ ಗೊಣಗಿ, ಮೌಸ್ ಹಿಡಿದು ಹೇಗೋ ದಾರಿ ಮಾಡಿಕೊಂಡರು. ನರಹರಿಗೆ ಮಾತ್ರ ತನ್ನ ಮನೆಯ ಬಾಗಿಲುಗಳನ್ನೆಲ್ಲ ಯಾರೋ ಕಿತ್ತು ಬೇರೆ ಬೇರೆ ಗೋಡೆಗೆ ಇಟ್ಟ ಹಾಗಾಗಿತ್ತು; ಪುಟದ ಹೆಸರು ಹೇಳುತ್ತಿದ್ದ ಕೀಲಿ ಈಗ ಗಂಟೆ ಹೇಳುತ್ತಿತ್ತು. ಕಂಪ್ಯೂಟರ್ ವಿಭಾಗದವರು ಹೊಸ ಶಾರ್ಟ್‌ಕಟ್‌ಗಳ ಪಟ್ಟಿ ಅಚ್ಚು ಹಾಕಿಸಿ, ಪರದೆ ಓದಿಸುವ ಕೀಲಿಗಳನ್ನೂ ಕೊನೆಗೆ ಸೇರಿಸಿ, ಎಲ್ಲರ ಮೇಜಿಗೂ ಒಂದೊಂದು ಹಾಳೆ ಅಂಟಿಸಿದ್ದರು. ಯಾರಿಗೂ ಅನ್ಯಾಯವಾಗಬಾರದೆಂದು ನರಹರಿಯ ಮೇಜಿಗೂ ಒಂದು.

ಸೂಪರಿಂಟೆಂಡೆಂಟ್ ವಿಜಯಕುಮಾರ ಸಾಹೇಬರು ಕೆಟ್ಟವರಲ್ಲ, ತೊಂದರೆಯೇ ಅದು. "ಸೋಮವಾರದಿಂದ ಗೇಟಿನ ಹತ್ರ ರಿಸೆಪ್ಷನ್ನಿನಾಗ ಕೂಡ್ರಿ. ಫ್ಯಾನ್ ಐತಿ, ಚಹಾ ಬರತೈತಿ, ಕೆಲಸ ಏನೂ ಇಲ್ಲ. ಪಗಾರ ಎಲ್ಲಿ ಹೋಗತೈತಿ?" ಎಂದಿದ್ದರು.

"ಕೆಲಸಾನ ಇಲ್ಲಂದ್ರ ನಾ ಯಾಕ ಬರಬೇಕ್ರಿ?"

"ಹಂಗಾದ್ರ ಶುಕ್ರವಾರ ಸಂಜಿ ಒಳಗ ನನ್ನ ಮುಂದ ಒಂದ ದೂರು ಏರಿಸಿ ತೋರಸ್ರಿ."

ಇವತ್ತೇ ಶುಕ್ರವಾರ. ಪಕ್ಕದ ಮೇಜಿನ ಮೃಣಾಲಿನಿ ಮೂರು ದಿನದಿಂದ ಊಟದ ಹೊತ್ತಿನಲ್ಲಿ, ಒಂದು ಕೈಯಲ್ಲಿ ರೊಟ್ಟಿ ಹಿಡಿದುಕೊಂಡೇ, ಹಾಳೆಯನ್ನು ಅವನಿಗೆ ಓದಿ ಹೇಳಿದ್ದಳು. ಮೇಲಿನಿಂದ ಕೆಳಗಿನವರೆಗೆ ಬಾಯಿಪಾಠವಾಗಿತ್ತು. ಕೂಕಟ್‌ಪಲ್ಲಿಯಿಂದ ಬರುವಾಗ ಮೆಟ್ರೋದಲ್ಲಿ ತೊಡೆಯ ಮೇಲಿನ ಟಿಫಿನ್ ಡಬ್ಬಿಯೇ ಅವನಿಗೆ ಕೀಬೋರ್ಡು; ಅದರ ಟಕಟಕ ತಾಳಲಾರದೆ ಪಕ್ಕದವರು ಬೆಳಿಗ್ಗೆ ಎದ್ದು ಹೋಗಿದ್ದರು. "ತಲಿಗೆ ಬಂದೈತ್ರಿ ಅಕ್ಕಾರ," ಎಂದ ಈಗ, "ಬೆರಳಿಗೆ ಹೇಳೋರ್ಯಾರು?"

"ನಿಮ್ಮಂಗ ಹಟಮಾರಿ ಅದಾವು," ಎಂದಳು ಮೃಣಾಲಿನಿ.

ನಾಲ್ಕು ಗಂಟೆಗೆ ಸಾಹೇಬರ ಬೂಟಿನ ಸಪ್ಪಳ ಬಂದು ನರಹರಿಯ ಬೆನ್ನ ಹಿಂದೆ ನಿಂತಿತು. ಅವರಿಗೂ ಕೇಳಲೆಂದು ಅವನು ಹೆಡ್‌ಫೋನ್ ತೆಗೆದು ಸ್ಪೀಕರ್ ಹಾಕಿದ. ಸ್ವಲ್ಪ ಹೊತ್ತಿಗೆ ಫೋನು ಬಂತು. ಡಿ ಬ್ಲಾಕಿನ ಬಂಡೆಮ್ಮ, ಬೆಳಿಗ್ಗೆಯಿಂದ ನೀರಿಲ್ಲ, ಮೋಟರು ಕೆಟ್ಟಿದೆ. ಹೆಸರು ಏರಿತು, ಬ್ಲಾಕು ಏರಿತು. ಅಷ್ಟರಲ್ಲಿ ಏನೋ ಒಂದು ಕೀಲಿ ತಪ್ಪಿತು. ಎಲ್ಲಿದ್ದೇನೆಂದು ತಿಳಿಯದೆ ಗಾಬರಿಯಾಯಿತು. ಬೆರಳು ಹಳೆಯ ದಾರಿ ಹಿಡಿದು ಇನ್ಸರ್ಟ್, ಟಿ ಒತ್ತಿಯೇಬಿಟ್ಟಿತು. "ನಾಲ್ಕು ಗಂಟೆ ಹನ್ನೆರಡು ನಿಮಿಷ," ಎಂದು ಯಂತ್ರ ಇಡೀ ಕೋಣೆಗೆ ಕೇಳುವಂತೆ ಹೇಳಿತು.

"ಮನಿಗೆ ಹೋಗೂ ಅವಸರ ಐತೇನ್ರಿ?" ಎಂದರು ಸಾಹೇಬರು.

ನರಹರಿಯ ಕಿವಿ ಬಿಸಿಯಾಯಿತು. ನಾಚಿಕೆಗಿಂತ ಸಿಟ್ಟೇ ಹೆಚ್ಚು ಬಂತು. ಎರಡೂ ಕೈ ಎತ್ತಿ ತೊಡೆಯ ಮೇಲಿಟ್ಟುಕೊಂಡ. ಫೋನಿನಲ್ಲಿ ಬಂಡೆಮ್ಮ ಹಲೋ ಹಲೋ ಎನ್ನುತ್ತಲೇ ಇದ್ದಳು. ಹಾಳೆಯ ಕೆಳಗಿನಿಂದ ಮೂರನೇ ಸಾಲು: ಇನ್ಸರ್ಟ್, ಜೊತೆಗೆ ಬಲಗಡೆ ಅಂಕಿಗಳ ಪಕ್ಕದ ಎಂಟರ್. ಒತ್ತಿದ. "ದೂರು ನೋಂದಣಿ, ಎರಡನೇ ಪುಟ." ಆಮೇಲೆ ಅವನ ಕೈ ನಿಲ್ಲಲಿಲ್ಲ. ಬಂಡೆಮ್ಮನಿಗೆ ದೂರಿನ ನಂಬರು ಹೇಳಿ ಫೋನಿಟ್ಟ.

"ನೋಡೂಣು," ಎಂದಷ್ಟೇ ಹೇಳಿ ಸಾಹೇಬರು ತಮ್ಮ ಮೇಜಿಗೆ ಹೋದರು. ಐದಕ್ಕೆ ಅವರಿಗೆ ಮೀಟಿಂಗಿತ್ತು. ಅಲ್ಲಿಂದ ಮೌಸಿನ ಟಿಕ್ ಟಿಕ್ ಒಂದೇ ಸಮನೆ ಕೇಳತೊಡಗಿತು. ನೋಡೂಣು ಅಂದರೆ ಏನು? ನರಹರಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು, ಹನ್ನೊಂದು ಹೆಜ್ಜೆ ಎಣಿಸಿ, ಅವರ ಮೇಜಿನ ಅಂಚು ಹಿಡಿದು ನಿಂತ. "ಸಾಹೇಬ್ರ, ಸೋಮವಾರ ನಾ ಎಲ್ಲಿ ಕೂಡ್ರಲಿ?"

"ನಿಮ್ಮ ಜಾಗಾದಾಗ ಕೂಡ್ರಿ, ಇನ್ನೆಲ್ಲಿ? ಈ ಹಾಳಾದ್ದು ಪ್ರಿಂಟ ಕೊಡವಲ್ದು ನೋಡ್ರಿ!" ಮೇಜಿಗೆ ಅಂಟಿಸಿದ್ದ ಹಾಳೆಯನ್ನು ಅವರು ಚರ್ರನೆ ಕಿತ್ತರು. ಕನ್ನಡಕಕ್ಕಾಗಿ ಅಂಗಿಯ ಜೇಬು ತಡಕಿದರು, ಡ್ರಾಯರ್ ಎಳೆದರು. "ಚಾಳೀಸು ಮನ್ಯಾಗ ಉಳದೈತಿ. ಇದರಾಗ ಏನ ಬರದೈತಿ, ಒಂಚೂರು ಓದ್ರಿ." ಹಾಳೆಯನ್ನು ನರಹರಿಯ ಕೈಗೆ ತುರುಕಿದರು.

ಸಾಹೇಬರು, "ಅಯ್ಯ..." ಎಂದು ನಾಲಿಗೆ ಕಚ್ಚಿಕೊಂಡರು.

ನರಹರಿ ಹಾಳೆಯನ್ನು ಎರಡೂ ಕೈಯಲ್ಲಿ ಎದೆಯ ಮಟ್ಟಕ್ಕೆ ಹಿಡಿದು, ಗಂಟಲು ಸರಿಮಾಡಿಕೊಂಡು, ಮೊದಲನೇ ಸಾಲಿನಿಂದ ಶುರುಮಾಡಿದ. ಎರಡನೇ ಸಾಲಿಗೆ ಬರುವಷ್ಟರಲ್ಲಿ ಮೃಣಾಲಿನಿ ಎದ್ದು ಬಂದಳು. ಅವನು ತಲೆಕೆಳಗಾಗಿ ಹಿಡಿದಿದ್ದ ಹಾಳೆಯನ್ನು ತಿರುಗಿಸಿ ನೆಟ್ಟಗೆ ಹಿಡಿಸಿದಳು.