ವೈಫೈಗೊಂದು ಬೀಗ

ಟಿವಿ ಮತ್ತೆ ಒಳಗೆ ಬಂದಿತ್ತು.

ವೈಫೈಗೆ ಯಾವ್ಯಾವುದು ಅಂಟಿಕೊಂಡಿದೆ ಎಂದು ಲ್ಯಾಪ್‌ಟಾಪಿನ ಪರದೆಯ ಮೇಲಿದ್ದ ಪಟ್ಟಿಯನ್ನು ಮೇಷ್ಟ್ರು ಬೆರಳಿಟ್ಟು ಓದಿದರು. ತಮ್ಮ ಲ್ಯಾಪ್‌ಟಾಪು. ಹೆಂಡತಿಯ ಫೋನು. ಅವುಗಳ ಕೆಳಗೆ, ಏನೂ ಆಗಿಲ್ಲವೆಂಬಂತೆ, ಆ ಟಿವಿ. ಮೇಷ್ಟ್ರ ಮನೆಯಲ್ಲಿ ವೈಫೈ ಹಿಡಿಯುವ ಟಿವಿಯೇ ಇರಲಿಲ್ಲ.

"ಬಂದ ನೋಡು ಮಹಾರಾಯ!" ಮೇಷ್ಟ್ರು ಹಲ್ಲು ಕಡಿದರು. "ನಾನಿಲ್ಲಿ ನಾಲ್ಕು ಮಕ್ಕಳಿಗೆ ಪಾಠ ಹೇಳೋಕೆ ಒದ್ದಾಡ್ತಿದ್ರೆ, ಅಲ್ಲಿ ಧಾರಾವಾಹಿ ನಡೀತಿದೆ."

ಕಾಲೇಜಿನ ಕೆಲಸ ಹೋದ ಮೇಲೆ ಅವರಿಗೆ ಉಳಿದಿದ್ದು ಆನ್‌ಲೈನ್ ರಸಾಯನಶಾಸ್ತ್ರವೊಂದೇ. ಎರಡು ಸಂಸ್ಥೆಗಳು ಆಗಲೇ ಕೈಬಿಟ್ಟಿದ್ದವು. ಮಾತಿನ ನಡುವೆ ನೆಟ್ ಕೈಕೊಟ್ಟು ಪರದೆಯ ಮೇಲೆ ಬಾಯಿ ತೆರೆದಂತೆಯೇ ಕಲ್ಲಾಗಿಬಿಡುವ ಮೇಷ್ಟ್ರು ಯಾರಿಗೆ ಬೇಕು? ಮೂರನೆಯ ಸಂಸ್ಥೆಯವರು ಇನ್ನರ್ಧ ಗಂಟೆಯಲ್ಲಿ ಮಾದರಿ ಪಾಠ ಕೇಳಲಿದ್ದರು. ಇದೂ ಕೈತಪ್ಪಿದರೆ ಕರೆಯುವವರು ಇನ್ಯಾರೂ ಇರಲಿಲ್ಲ.

ಸಿಗ್ನಲ್ ನೆಟ್ಟಗೆ ಸಿಗುತ್ತಿದ್ದುದು ಅಡುಗೆಮನೆಯ ಮೂಲೆಯಲ್ಲಿ ಮಾತ್ರ. ಹಿಟ್ಟಿನ ಡಬ್ಬದ ಮೇಲೆ ಲ್ಯಾಪ್‌ಟಾಪು, ಮೋಟು ಸ್ಟೂಲಿನ ಮೇಲೆ ಮೇಷ್ಟ್ರು, ಬೆನ್ನು ಗೋಡೆಗೆ. ಪಾಠದ ಹೊತ್ತಿನಲ್ಲಿ ಕುಕ್ಕರ್ ಕೂಗುವಂತಿರಲಿಲ್ಲ.

ಅವರು ವೈಫೈನ ಸೆಟ್ಟಿಂಗ್ ಪುಟ ತೆರೆದರು. ಯಾವ ಬೀಗ ಬೇಕೆಂದು ಕೇಳುವ ಸಾಲಿನಲ್ಲಿ ಮೂರು ಹೆಸರುಗಳು: ವೆಪ್, ಡಬ್ಲ್ಯುಪಿಎ, ಡಬ್ಲ್ಯುಪಿಎ-ಟು. ನಿನ್ನೆಯಷ್ಟೇ ಎಲ್ಲಕ್ಕಿಂತ ಗಟ್ಟಿಯಾದ ಕೊನೆಯದನ್ನು ಆರಿಸಿ, ಮೂಲವಸ್ತುಗಳ ಸಂಕೇತಗಳನ್ನು ಹೆಣೆದು ಉದ್ದನೆಯ ಪಾಸ್‌ವರ್ಡ್ ಕೊಟ್ಟಿದ್ದರು. ಈಗ ನೋಡಿದರೆ ಮತ್ತೆ ಅದೇ ಓಬಿರಾಯನ ಕಾಲದ ವೆಪ್, ಒಂದರಿಂದ ಸೊನ್ನೆಯವರೆಗಿನ ಅದೇ ಹತ್ತು ಅಂಕಿ.

"ವೆಪ್ ಅಂದ್ರೆ ಕಾಗದದ ಬಾಗಿಲು ಕಣೇ. ಊದಿದ್ರೆ ಹರಿಯುತ್ತೆ. ಅದರ ಮೇಲೆ ಇಂಥ ಪಾಸ್‌ವರ್ಡು! ಯಾರು ಬೇಕಾದ್ರೂ ಊಹಿಸಬಹುದು."

"ಊಹಿಸಿದ್ದೂ ಆಯ್ತಲ್ಲ," ಎಂದಳು ಹೆಂಡತಿ, ಪಾತ್ರೆಯಿಂದ ತಲೆ ಎತ್ತದೆ.

"ಎಷ್ಟು ಸಲ ಸರಿ ಮಾಡಿದ್ರೂ ಮಾರನೇ ದಿನ ಮೊದಲಿನ ಹಾಗೇ!"

"ರೀ, ಹೊಸ ಕನೆಕ್ಷನ್ ಹಾಕಿಸಿ ಅಂತ ಬಡ್ಕೊಂಡಿದ್ದೇ ಬಂತು. ನಂಗಂತೂ ಇದು ಕಳ್ಳತನ ಅನ್ಸುತ್ತೆ."

"ಈ ಕೆಲಸ ಸಿಗಲಿ ಮಾರಾಯ್ತಿ. ಮೊದಲ ಸಂಬಳದಲ್ಲೇ ಹಾಕಿಸ್ತೀನಿ."

ಮೇಷ್ಟ್ರು ಮತ್ತೆ ಡಬ್ಲ್ಯುಪಿಎ-ಟು ಒತ್ತಿದರು. ಈ ಸಲ ಪಾಸ್‌ವರ್ಡಿಗೆ ಆಮ್ಲ, ಪ್ರತ್ಯಾಮ್ಲ ಎರಡನ್ನೂ ಸುರಿದರು. ಪಟ್ಟಿಯಿಂದ ಟಿವಿ ಉದುರಿತು. ಗೋಡೆಯಾಚೆ ಯಾರೋ ವಯಸ್ಸಾದವರು ಗೊಣಗಿದ್ದು ಕೇಳಿಸಿತು. ಮೇಷ್ಟ್ರು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡರು.

ಮಾದರಿ ಪಾಠ ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಶುರುವಾಯಿತು. ಪರದೆಯ ಮೇಲೆ ಮೂವರು ಪರೀಕ್ಷಕರು. ಒಬ್ಬರು ತಲೆಯನ್ನೂ ದೂಗಿದರು.

"ಕ್ಲೋರಿನ್‌ಗೆ ಒಂದು ಎಲೆಕ್ಟ್ರಾನ್ ಕೊರತೆ," ಎಂದರು ಮೇಷ್ಟ್ರು ಹುರುಪಿನಿಂದ. "ಆಗ ಅದು ಏನು ಮಾಡುತ್ತೆ? ಪಕ್ಕದಲ್ಲೇ ಇರೋ ಸೋಡಿಯಂ ಹತ್ತಿರ..."

ಮೂವರೂ ಕಲ್ಲಾದರು.

ಈ ಸಲ ನೆಟ್ ಬರೀ ನಿಧಾನವಾದದ್ದಲ್ಲ. ವೈಫೈನ ಹೆಸರೇ ಮಾಯವಾಗಿತ್ತು. ಮೇಷ್ಟ್ರು ಲ್ಯಾಪ್‌ಟಾಪನ್ನು ಎತ್ತಿ ಗೋಡೆಗೆ ಆನಿಸಿದರು, ಕಿಟಕಿಗೆ ಹಿಡಿದರು, ತಲೆಯ ಮೇಲೂ ಹೊತ್ತರು. ಏನೂ ಇಲ್ಲ. ಅಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು. ಕೆಂಡವಾಗಿ ಹೋಗಿ ಬಾಗಿಲು ತೆರೆದರು.

ಪಕ್ಕದ ಮನೆಯ ಟೈಲರಮ್ಮ. ಕೊರಳಲ್ಲಿ ಅಳತೆಪಟ್ಟಿ, ಕೈಯಲ್ಲಿ ಗುಂಡುಸೂಜಿ, ಕಂಕುಳಲ್ಲಿ ವೈರು ಜೋತಾಡುತ್ತಿದ್ದ ರೂಟರು.

"ಸಾಕಾಗಿಹೋಯ್ತು ಮೇಷ್ಟ್ರೇ! ದಿನಾ ಯಾರೋ ನನ್ನ ವೈಫೈಗೆ ನಂಗೇ ಬೀಗ ಜಡೀತಾರೆ. ದಿನಾ ನಾನು ಇದರ ಹಿಂದಿನ ತೂತಿಗೆ ಈ ಸೂಜಿ ಚುಚ್ಚಿ ಮೊದಲಿನ ಹಾಗೆ ಮಾಡ್ಕೋತೀನಿ. ಟಿವಿ ನಿಂತ್ರೆ ನಮ್ಮತ್ತೆ ಮನೆಯನ್ನ ರಣರಂಗ ಮಾಡ್ತಾರೆ. ಇದರಲ್ಲಿ ಮೂರು ಥರ ಬೀಗ ಇದೆಯಂತಲ್ಲ? ಸೈನ್ಸ್ ಓದಿದೋರು ನೀವು, ಹೇಳಿ. ಯಾವುದು ಹಾಕಿದ್ರೆ ಕಳ್ಳ ಬರಲ್ಲ?"

ಒಳಗೆ ಪಾತ್ರೆಯ ಸದ್ದು ನಿಂತಿತು.

"ಮೊದಲಿಂದ ಇರೋ ವೆಪ್ಪೇ ಭದ್ರ ಕಣಮ್ಮಾ," ಎಂದರು ಮೇಷ್ಟ್ರು. "ಬೇಗ ಹೋಗಿ ಪ್ಲಗ್ ಹಾಕಿ."