ಹಬ್ ಆರುವ ತನಕ

ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ದೋಣಿ ನೀರಿನಿಂದ ಎರಡು ಮಾರು ದೂರದಲ್ಲಿತ್ತು. ಕಟ್ಟಿ ಮುಗಿಸಿದ ಮೂರು ವರ್ಷಗಳಲ್ಲಿ ಅದು ನೀರಿಗೆ ಇಷ್ಟು ಹತ್ತಿರ ಬಂದದ್ದು ಇದೇ ಮೊದಲು.

ಕಟ್ಟಿದವಳು ಕಾರಿನ ಸ್ಟೀರಿಂಗ್ ಹಿಡಿದು ಕೂತಿದ್ದಳು. ಮೇಜು, ಕಪಾಟು ಮಾಡಿ ಬದುಕುವ ಬಡಗಿ ಅವಳು. ದೋಣಿಗೆ ಕೈ ಹಾಕಿದ್ದು ಅದೊಂದೇ ಸಲ. ಗೇರನ್ನು ರಿವರ್ಸಿಗೆ ಹಾಕಿ, ಬ್ರೇಕಿನ ಮೇಲೆ ಕಾಲಿಟ್ಟು, ಕನ್ನಡಿಯಲ್ಲಿ ಹೊಳೆಯುವ ಕಡಲ ಹಿನ್ನೀರನ್ನೇ ನೋಡುತ್ತಿದ್ದಳು. ಕಾರಿನ ಹಿಂದೆ ಟ್ರೇಲರು, ಟ್ರೇಲರಿನ ಮೇಲೆ ದೋಣಿ, ದೋಣಿಯೊಳಗೆ ಅತ್ತೆ. ಕಿತ್ತಳೆ ಬಣ್ಣದ ತೇಲುಜಾಕೀಟು ತೊಟ್ಟು, ಚಪ್ಪಲಿ ಕಳಚಿ ಪಕ್ಕಕ್ಕಿಟ್ಟು, ಬಸ್ಸಿನಲ್ಲಿ ಕಿಟಕಿ ಸೀಟು ಸಿಕ್ಕವರ ಹಾಗೆ ಕೂತಿದ್ದರು.

"ಇನ್ನೂ ಬಿಸಿ ಇದೆ," ಎಂದ ಗಂಡ. ಟ್ರೇಲರಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಚಕ್ರದ ನಡುವಿನ ಹಬ್‌ಗೆ ಅಂಗೈಯ ಹಿಂಬದಿ ತಾಗಿಸಿ, ಮಗುವಿನ ಜ್ವರ ನೋಡುವವನಂತೆ ಕಣ್ಣು ಮುಚ್ಚಿದ್ದ.

ಅವನು ಲಿಫ್ಟ್ ತಪಾಸಕ. ಚೆನ್ನಾಗಿ ಓಡುವ ಲಿಫ್ಟಿನಲ್ಲಿ ಓಡಬಾರದ ಕಾರಣ ಹುಡುಕುವುದೇ ಅವನ ವೃತ್ತಿ. ಟ್ರೇಲರಿನ ಹೊಣೆ ಹೊತ್ತವನೂ ಅವನೇ. ಮೊದಲ ವರ್ಷ, "ಇವು ಕಾರಿನ ಟೈರು, ಪಕ್ಕ ಮೆದು, ತಿರುವಿನಲ್ಲಿ ದೋಣಿ ಓಲಾಡುತ್ತೆ" ಎಂದು ಟ್ರೇಲರಿಗೆಂದೇ ಮಾಡಿದ ಗಟ್ಟಿ ಟೈರು ತರಿಸಿದ. ಮರುವರ್ಷ, "ಬರೀ ಬಣ್ಣ ಬಳಿದ ರಿಮ್ಮು ಉಪ್ಪುನೀರಿಗೆ ನಿಲ್ಲಲ್ಲ" ಎಂದು ಸತುವಿನ ಲೇಪದ ರಿಮ್ಮು ಹಾಕಿಸಿದ. ಆಮೇಲೆ ಬೇರಿಂಗು, ನೀರು ತಡೆಯುವ ಸೀಲು, ಗ್ರೀಸು. ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವಳಿಗೆ ರೇಗುತ್ತಿದ್ದುದೂ ಅದಕ್ಕೇ. ದೋಣಿ ಮಾತ್ರ ಶೆಡ್ಡಿನಲ್ಲಿ ಧೂಳು ತಿನ್ನುತ್ತಿತ್ತು.

ಇವತ್ತು ಹೇಳಿದ್ದೂ ಸರಿಯೇ. ದೂರದಿಂದ ಓಡಿ ಬಂದ ಹಬ್ ಕಾದಿರುತ್ತದೆ. ಕಾದ ಹಬ್ಬನ್ನು ತಣ್ಣೀರಿಗಿಳಿಸಿದರೆ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ, ಬೇರಿಂಗು ಕೆಡುತ್ತದೆ. ಆರುವ ತನಕ ಕಾಯಲೇಬೇಕು. ಅವಳು ಕಾಯುತ್ತಲೇ ಇದ್ದಳು.

"ಲೋ, ಇನ್ನೆಷ್ಟು ಹೊತ್ತೋ? ಅದೇನು ಹಬ್ಬೋ, ಬಾಣಂತಿಯೋ?" ಅತ್ತೆ ಮೇಲಿನಿಂದ ಕೂಗಿದರು.

"ಇನ್ನೊಂದು ಸ್ವಲ್ಪ ಹೊತ್ತು, ಅಮ್ಮ."

"ನಿನ್ನ ಸ್ವಲ್ಪ ಹೊತ್ತು ಕಾದೂ ಕಾದೂ ನನ್ನ ತಲೆ ಬೆಳ್ಳಗಾಯ್ತು."

ಸೊಸೆ ಹ್ಯಾಂಡ್ ಬ್ರೇಕ್ ಎಳೆದು ಇಳಿದು ಬಂದಳು. "ತಡೀರಿ, ನಾನೂ ಒಂದ್ಸಲ ಮುಟ್ಟಿ ನೋಡ್ತೀನಿ."

"ನಿಂಗೆ ಗೊತ್ತಾಗಲ್ಲ." ಅವನು ಕೈ ತೆಗೆಯಲಿಲ್ಲ.

"ಕೈ ತೆಗೀರಿ ಅಂದೆ."

ಅವನ ಕೈಯನ್ನು ಸರಿಸಿ ತನ್ನದನ್ನಿಟ್ಟಳು. ಹಬ್ ಬೆಳಗಿನ ನಲ್ಲಿಯಷ್ಟು ತಣ್ಣಗಿತ್ತು. ಸುತ್ತಿ ಹೋಗಿ ಆಚೆಯದನ್ನು ಮುಟ್ಟಿದಳು. ಅದೂ ಅಷ್ಟೇ.

ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದು ಅವನ ಮುಖ ನೋಡಿದಳು. ಕದ್ದು ಸಿಕ್ಕಿಬಿದ್ದ ಹುಡುಗನ ಮುಖ.

"ಮುಳುಗಿದ್ರೆ?" ಎಂದ ಅವನು ಮೆಲ್ಲಗೆ.

"ನನ್ನ ಕೆಲಸದ ಮೇಲೆ ಅಷ್ಟೂ ನಂಬಿಕೆ ಇಲ್ವಾ?"

"ಹಾಗಲ್ಲ ಕಣೇ. ನಿನ್ನ ಮೊದಲನೇ ಕುರ್ಚಿ ಕುಂಟಿತು ಅಂತ ಎರಡು ದಿನ ಅನ್ನ ಮುಟ್ಟಲಿಲ್ಲ ನೀನು. ಇದೇನಾದ್ರೂ ಮುಳುಗಿದ್ರೆ ನಿನ್ನ ಹೇಗೆ ಸುಧಾರಿಸ್ಲಿ? ಟೈರು, ಗ್ರೀಸು ಆದ್ರೆ ಏನು ಮಾಡ್ಬೇಕು ಅಂತ ನಂಗೆ ಗೊತ್ತು."

ಅತ್ತೆಯ ಕಿವಿ ಬಲು ಚುರುಕು. "ಒಳಗೆ ಕೂತಿರೋಳು ನಾನು. ನಂಗಿಲ್ಲದ ಭಯ ನಿಂಗ್ಯಾಕೋ? ಹೋಗೇ, ಗಾಡಿ ಬಿಡೇ!"

ಅವಳಿಗೆ ನಗು ತಡೆಯಲಾಗಲಿಲ್ಲ. ಓಡಿ ಹೋಗಿ ಕಾರು ಹತ್ತಿ, ಬ್ರೇಕ್ ಬಿಟ್ಟಳು. ಇಳಿಜಾರಿನಲ್ಲಿ ಟ್ರೇಲರು ಹಿಂದಕ್ಕೆ ಜಾರಿತು. ಟೈರು ನೆನೆಯಿತು, ಹೊಳೆಯುವ ರಿಮ್ಮು ಮುಳುಗಿತು, ಹಬ್ ಮುಳುಗಿತು. ಒಂದು ಗುಳ್ಳೆಯೂ ಏಳಲಿಲ್ಲ. ಬೂಟು ಹಾಕಿಕೊಂಡೇ ನೀರಿಗಿಳಿದಿದ್ದ ಗಂಡ ದೋಣಿಯ ಮೂತಿಯನ್ನು ಟ್ರೇಲರಿಗೆ ಬಿಗಿದಿದ್ದ ಕೊಕ್ಕೆಗೆ ಕೈಯಿಟ್ಟು ಅರೆಗಳಿಗೆ ನಿಂತ. ಅವಳು ಕನ್ನಡಿಯಲ್ಲಿ ನೋಡುತ್ತಿದ್ದಳು. ಅವನು ಕೊಕ್ಕೆ ಬಿಚ್ಚಿದ.

"ತೇಲ್ತಾ ಇದೆ ಕಣೇ! ಅಯ್ಯೋ, ತೇಲ್ತಾ ಇದೆ!" ಅತ್ತೆ ಹುಟ್ಟನ್ನೇ ಕೋಲಿನಂತೆ ಎತ್ತಿ ಬೀಸಿದರು.

ಹ್ಯಾಂಡ್ ಬ್ರೇಕ್ ಎಳೆದದ್ದೊಂದು ನೆನಪು. ಕಾರಿನ ಬಾಗಿಲು ಹಾಕಿದಳೋ ಇಲ್ಲವೋ ಅವಳಿಗೇ ತಿಳಿಯದು. ನೀರು ಚಿಮ್ಮಿಸುತ್ತ ಓಡಿದಳು. ಈ ಕಡೆಯಿಂದ ಅವಳು, ಆ ಕಡೆಯಿಂದ ಅವನು ಒಟ್ಟಿಗೇ ಹತ್ತಿದರು. ದೋಣಿ ಒಮ್ಮೆ ವಾಲಿ, ಅತ್ತೆಯಿಂದ ಇಬ್ಬರಿಗೂ ಬೈಗುಳ ಬಿದ್ದು, ಮತ್ತೆ ನೆಟ್ಟಗಾಯಿತು.

ಅವನು ಮೊಣಕಾಲೂರಿ, ಹಲಗೆಯ ಒಂದೊಂದು ಸಂದಿಗೂ ಅಂಗೈಯ ಹಿಂಬದಿ ತಾಗಿಸಿ ನೋಡುತ್ತ ಹೋದ.

"ಒಣಗೇ ಇದೆ," ಎಂದ.

ಈ ಸಲ ಅವಳು ಮುಟ್ಟಿ ನೋಡಲಿಲ್ಲ. ಅತ್ತೆಯ ಕೈಯಿಂದ ಹುಟ್ಟು ಇಸಿದುಕೊಂಡಳು.

ಟ್ರೇಲರನ್ನು ಮೇಲಕ್ಕೆಳೆಯುವುದು ಮೂವರಿಗೂ ನೆನಪಾಗಲಿಲ್ಲ. ಎರಡು ಹಬ್‌ಗಳೂ ಮಧ್ಯಾಹ್ನದವರೆಗೆ ಉಪ್ಪುನೀರಿನಲ್ಲೇ ಇದ್ದವು.