ಹನ್ನೆರಡನೇ ಹೂಂ

"ಇನ್ನೂ ಮೆತ್ತಗೆ ಅನ್ನಮ್ಮಾ, ಅವಳು ಬಾಯಿಸತ್ತ ಸೊಸೆ" ಎಂದರು ಗಾಜಿನಾಚೆ ಕುಳಿತ ನಿರ್ದೇಶಕರು. ಡಬ್ಬಿಂಗ್ ಕಲಾವಿದೆ ಹನ್ನೆರಡನೇ ಸಲ ಮೈಕಿನ ಮುಂದೆ ನಿಂತಳು. ಇಡೀ ದೆವ್ವದ ಸಿನಿಮಾದಲ್ಲಿ ಸೊಸೆಗಿದ್ದದ್ದು ಒಂದೇ ಮಾತು, 'ಹೂಂ'. ಪರದೆಯ ಮೇಲೆ ಯಾರೋ ಮೂರು ಸಲ ಬಾಗಿಲು ಬಡಿಯುತ್ತಾರೆ; ಮಾವ ಕುರ್ಚಿಯಿಂದ ಏಳದೆ "ಹೋಗಿ ನೋಡಮ್ಮ, ಯಾರು ಅಂತ" ಎನ್ನುತ್ತಾನೆ; ಅವಳು ಹೂಂ ಎಂದು ಹೋಗಿ ಚಿಲಕ ತೆಗೆದು ಸಾಯುತ್ತಾಳೆ.

ಹನ್ನೊಂದು ಸಲ ಅವಳನ್ನು ಸಾಯಿಸಿ ಕಲಾವಿದೆಗೆ ಸಾಕಾಗಿತ್ತು. ಈ ಸಲ ತುಟಿ ಬಿಗಿದುಕೊಂಡಳು. ಪರದೆಯ ಮೇಲೆ ಚಿಲಕಕ್ಕೆ ಹೋದ ಕೈ ಅಲ್ಲೇ ನಿಂತಿತು.

"ಏನ್ರೀ, ಚಿತ್ರ ನಿಂತೋಯ್ತಾ?" ಎಂದರು ನಿರ್ದೇಶಕರು.

"ಇಲ್ಲ ಸಾರ್, ಓಡ್ತಾ ಇದೆ" ಎಂದ ಸೌಂಡ್ ಎಂಜಿನಿಯರ್. "ನೋಡಿ, ಮಾವ ಕಣ್ಣು ಮಿಟುಕಿಸ್ತಿದಾನೆ."

ಸೊಸೆ ಚಿಲಕ ಬಿಟ್ಟು ತಿರುಗಿದಳು. ಅವಳ ತುಟಿ ಅಲುಗಿತು. ಅಲುಗಿದ ತುಟಿಗೆ ಮಾತು ಕೂಡಿಸುವುದು ಕಲಾವಿದೆಗೆ ಹದಿನೆಂಟು ವರ್ಷದ ರೂಢಿ. ಯಾರೂ ಬರೆದುಕೊಡದ ಸಾಲು ಅವಳ ಬಾಯಿಂದ ತಾನಾಗಿ ಬಂತು: "ನೀವೇ ಹೋಗಿ ತೆಗೀರಿ." ತುಟಿಗೂ ದನಿಗೂ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಆಗ ಸ್ಟುಡಿಯೋದ ಬಾಗಿಲನ್ನು ಯಾರೋ ಬಡಿದರು. ಮೂರು ಸಲ. ಹೊರಗಿನ ಯಾವ ಸದ್ದೂ ಒಳಗೆ ಕೇಳಿಸದ ದಪ್ಪ ಬಾಗಿಲು ಅದು. ನಿರ್ದೇಶಕರು ಕುರ್ಚಿಯಿಂದ ಏಳಲಿಲ್ಲ. "ಹೋಗಿ ನೋಡಮ್ಮ, ಯಾರು ಅಂತ" ಎಂದರು. ಕಲಾವಿದೆಯ ಗಂಟಲವರೆಗೂ ಹೂಂ ಬಂದಿತ್ತು. ಅದನ್ನು ನುಂಗಿಕೊಂಡು ಪರದೆಯತ್ತ ನೋಡಿದಳು.

"ನೀವೇ ಹೋಗಿ ತೆಗೀರಿ, ಸಾರ್" ಎಂಬ ಮಾತು ಸ್ಪೀಕರಿನಲ್ಲಿ ಸ್ಪಷ್ಟವಾಗಿ ಕೇಳಿತು. ಕಲಾವಿದೆ ಬರೀ ತುಟಿ ಆಡಿಸಿದ್ದಳು. ದನಿ ಕೊಟ್ಟವಳು ಸೊಸೆ.